ದರ್ವೇಲಿ ಹಡಗಿನ ಗಂಟೆ

ಸುರಪುರದಲ್ಲಿ ಒಬ್ಬನಿಗೆ ಒಮ್ಮೆ ಅಡ್ಡಹೆಸರು ಬಿತ್ತೆಂದರೆ ಮುಗಿಯಿತು, ಅದು ಅವನ ಹೆಣದ ಜೊತೆಗೇ ಹೋಗಬೇಕು. ಬಸ್ಸಮ್ಮನ ಅಪ್ಪನಿಗೆ ಬಿದ್ದದ್ದು ಹಡಗಿನ ಮಲ್ಲಣ್ಣ ಎಂಬ ಹೆಸರು. ಹೊರಗಿನವರಿಗೆ ಇದೇನೋ ಬಿರುದಿನಂತೆ ಕೇಳಿಸೀತು. ಬಿರುದಲ್ಲ, ಗೇಲಿ. ಓಣಿಯಲ್ಲಿ ಯಾರಾದರೂ ನಂಬಲಾಗದ ಮಾತಾಡಿದರೆ “ಏ, ಮಲ್ಲಣ್ಣನ ಹಡಗ ಬಂತು, ಹಾದಿ ಬಿಡ್ರಿ” ಎಂದು ನಗುವುದು ಬಸ್ಸಮ್ಮ ಹುಟ್ಟುವ ಮೊದಲಿನಿಂದ ನಡೆದುಬಂದಿತ್ತು. ಈಗ ಅವಳಿಗೆ ನಲವತ್ಮೂರು. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾಲ್ಕನೆಯ ಇಯತ್ತೆಯ ಹುಡುಗಿಯರೂ ಆ ಮಾತಾಡುವುದನ್ನು ಕಿವಿಯಾರೆ ಕೇಳಿದ್ದಳು. ಹೊಡೆಯುವಂತಿಲ್ಲ, ಬಿಡುವಂತಿಲ್ಲ.

ಮಲ್ಲಣ್ಣ ಹೇಳುವ ಕತೆ ಇಷ್ಟು. ಹರೆಯದಲ್ಲಿ ಮುಂಬಯಿಗೆ ಹೋಗಿ ಗಿರಣಿ ಸೇರಿದ. ಗಿರಣಿ ಮುಚ್ಚಿದಾಗ ಸುರಪುರದವನೇ ಆದ ಸಿಕಂದರ ಎಂಬ ಗೆಳೆಯ ಅವನನ್ನು ಬಂದರಿಗೆ ಕರೆದೊಯ್ದ. ಅಲ್ಲಿಂದ ಹದಿಮೂರು ವರ್ಷ ದೊರೆಗಳ ಡಾರ್ವೆಲಿಯಾ ಎಂಬ ಹಡಗಿನಲ್ಲಿ, ಊರವರ ಬಾಯಲ್ಲಿ ದರ್ವೇಲಿ, ಮುಂಬಯಿಗೂ ಲಂಡನ್ನಿಗೂ ಓಡಾಡಿದ. ರಜಾಕಾರರ ಗದ್ದಲ ಮುಗಿದ ವರ್ಷ ಊರಿಗೆ ಬಂದ. ಬರುವಾಗ ಒಂದು ಹಿತ್ತಾಳೆ ಗಂಟೆ ತಂದ. ಗಂಟೆಯ ಮೇಲೆ ಇಂಗ್ಲಿಷಿನಲ್ಲಿ ಹಡಗಿನ ಹೆಸರಿತ್ತು. ಹಡಗಿನಲ್ಲಿ ಏನು ಕೆಲಸ ಅಂತ ಕೇಳಿದರೆ, “ಗಂಟಿ ಬಾರಸೂ ಕೆಲಸ” ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದ.

ಊರು ನಂಬಲಿಲ್ಲ. ಸಿಕಂದರ ಸತ್ತ ಮೇಲೆ ಹೂಂ ಅನ್ನುವ ಒಬ್ಬ ಸಾಕ್ಷಿಯೂ ಉಳಿಯಲಿಲ್ಲ. ಮುಂಬಯಿಯ ಬಂದರಿನಲ್ಲಿ ಸೇಂಗಾ ಮಾರಿಕೊಂಡಿದ್ದನಂತೆ, ಹಡಗನ್ನು ದೂರದಿಂದ ನೋಡಿದ್ದನಂತೆ ಎಂದು ಒಬ್ಬರು ಕಟ್ಟಿದ ಮಾತಿಗೆ ಹತ್ತು ಜನ ರೆಕ್ಕೆಪುಕ್ಕ ಹಚ್ಚಿದರು. ಮಲ್ಲಣ್ಣ ಜಗಳಕ್ಕೆ ನಿಲ್ಲುವವನಲ್ಲ. ನಕ್ಕು ಸುಮ್ಮನಾಗುತ್ತಿದ್ದ. ಆ ನಗುವೇ ಬಸ್ಸಮ್ಮನಿಗೆ ಆಗದು. ಖರೇ ಹೇಳುವವನು ಯಾಕೆ ನಗಬೇಕು?

ಆ ವರ್ಷ ಬೇಸಿಗೆಯಲ್ಲಿ ಸಂಬಂಧಿಕರ ಮದುವೆ. ಎಂಬತ್ತೆರಡರ ಮಲ್ಲಣ್ಣ ಕೋಲೂರಿಕೊಂಡು ಹೋಗಿ ಹಂದರದ ಕೆಳಗೆ ಕೂತಿದ್ದ. ಅವನ ತಮ್ಮನ ಮಗ ನಾಗಣ್ಣ, ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆದು ಹೊಟ್ಟೆಯ ಜೊತೆಗೆ ಬಾಯಿಯನ್ನೂ ಬೆಳೆಸಿಕೊಂಡವನು, ಬೀಗರೆಲ್ಲ ಕೇಳುವಂತೆ ಕೂಗಿದ.

“ದೊಡ್ಡಪ್ಪಾ, ನಮ್ಮ ಹೊಲದ ಕಾಲುವಿಗೆ ನಿನ್ನ ಹಡಗ ತಗೊಂಡ ಬಾರಪ್ಪ. ಗೊಬ್ಬರದ ಚೀಲ ಹೇರ್ಕೊಂಡ ಹೋಗ್ತೀನಿ.”

ಹಂದರಕ್ಕೆ ಹಂದರವೇ ನಕ್ಕಿತು. ಮಲ್ಲಣ್ಣನೂ ನಕ್ಕ. ಆದರೆ ಮನೆಗೆ ಬಂದವನು ಮತ್ತೆ ಕಟ್ಟೆಗೆ ಕೂರಲಿಲ್ಲ. ಊಟ ಅರ್ಧ ರೊಟ್ಟಿಗೆ ಇಳಿಯಿತು, ಆಮೇಲೆ ಕಾಲು ರೊಟ್ಟಿಗೆ. ಒಂದು ಮುಂಜಾನೆ ಬಸ್ಸಮ್ಮ ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವನು ಗೋಡೆ ನೋಡುತ್ತಾ ಕೇಳಿದ, “ಬಸ್ಸಮ್ಮ, ನಾ ಖರೇನ ಹೋಗಿದ್ನೇನವಾ?”

ಬಸ್ಸಮ್ಮ ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಬಂದಳು. ಊರು ನಂಬದಿದ್ದರೆ ಊರ ಮನೆ ಹಾಳಾಗಲಿ. ಮನುಷ್ಯ ತನ್ನ ಹದಿಮೂರು ವರ್ಷವನ್ನು ತಾನೇ ನಂಬದಂತೆ ಮಾಡುವುದೆಂದರೆ ಏನು? ಸಾಯುವ ಮೊದಲು ಅಪ್ಪನ ಎದುರಿಗೆ, ತಿಳಿದವನೊಬ್ಬ, ನಾಲ್ಕು ಜನ ಮನ್ನಿಸುವಂಥವನು, “ಹೌದು, ಈತ ಹಡಗಿನಲ್ಲಿದ್ದ” ಅನ್ನಬೇಕು. ಇಷ್ಟೇ. ಇದು ಆಗದಿದ್ದರೆ ತಾನು ಇಷ್ಟು ವರ್ಷ ಸರಿ ತಪ್ಪು ಗುರುತು ಹಾಕಿದ್ದಕ್ಕೆ ಅರ್ಥವೇ ಇಲ್ಲ ಅನಿಸಿತು ಅವಳಿಗೆ.

ತಿಳಿದವನ ಹೆಸರು ಕೊಟ್ಟದ್ದು ಶಾಲೆಯ ರೇಣಮ್ಮ ಟೀಚರು. ಶಹಾಪುರದಲ್ಲಿ ಭಾಗಣ್ಣ ಎಂಬ ರಿಟೈರಾದ ಕಾಲುವೆ ಇಂಜಿನಿಯರರು ಇದ್ದರು. ನಾರಾಯಣಪುರದ ಡ್ಯಾಮು ಕಟ್ಟಿದಲ್ಲಿಂದ ಕೊನೆಯ ತೂಬಿನ ತನಕ ನೀರು ಅಳೆದವರು. ಸಮುದ್ರ ಕಂಡದ್ದು ನಲವತ್ತು ದಾಟಿದ ಮೇಲೆ. ಕಂಡದ್ದೇ ತಡ, ಹಳೆಯ ಹಡಗುಗಳ ಹುಚ್ಚು ಹಿಡಿಯಿತು. ಮುಂಬಯಿಯಲ್ಲಿ ಹಡಗು ಒಡೆಯುವವರ ಹತ್ತಿರ, ಮದ್ರಾಸಿನ ಹರಾಜಿನಲ್ಲಿ, ಎಲ್ಲೆಲ್ಲಿಂದಲೋ ಸಾಮಾನು ತಂದು ಮನೆಯ ಪಡಸಾಲೆ ತುಂಬಿದ್ದರು. ಮುಂದಿನ ತಿಂಗಳು ಹೈದರಾಬಾದಿನಿಂದ ಇಂಥ ಸಾಮಾನು ಕೂಡಿಸುವವರ ಸಂಘದವರು ಬಂದು ನೋಡಿ ಪುಸ್ತಕ ಮಾಡುತ್ತಾರಂತೆ.

ಬಸ್ಸಮ್ಮ ರವಿವಾರವೇ ಹೊರಟಳು. ಗಂಟೆಯನ್ನು ಹಳೆ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಶಹಾಪುರದ ಬಸ್ಸಿನಲ್ಲಿ ಕೂತಳು. ಗಂಟೆಯ ನಾಲಗೆಯನ್ನು ಬಟ್ಟೆ ಕಟ್ಟಿ ಬಿಗಿಯುವುದು ಮರೆತಿತ್ತು. ರಸ್ತೆಯ ತಗ್ಗಿಗೊಮ್ಮೆ ಗಂಟೆ ಢಣ್ ಎಂದಿತು. ಕಂಡಕ್ಟರನ ಗಂಟೆ ಎಂದುಕೊಂಡು ಡ್ರೈವರ್ ಎರಡು ಸಲ ಬಸ್ಸು ನಿಲ್ಲಿಸಿದ, ಮೂರನೆಯ ಸಲ ಕಂಡಕ್ಟರ್ ಅವಳನ್ನು ದಿಟ್ಟಿಸಿ ನೋಡಿದ.

ಭಾಗಣ್ಣ ಒಳ್ಳೆಯವರೇ. ಚಹಾ ಕೊಡಿಸಿದರು. ಕನ್ನಡಕ ಏರಿಸಿ ಗಂಟೆಯನ್ನು ಬಿಸಿಲಿಗೆ ಹಿಡಿದರು, ಉಗುರಿನಿಂದ ಅಕ್ಷರ ತಡವಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

“ಅಕ್ಕೋರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಹಡಗಿಂದಲ್ಲ.”

“ಹೆಂಗ ಹೇಳ್ತೀರಿ?”

“ಹಡಗಿನ ಗಂಟಿ ಮ್ಯಾಲ ಹೆಸರ ಆಳಾಗಿ ಕೊರದಿರ್ತದ. ಕೊರದು ಅದರಾಗ ಕರಿ ಮೇಣ ತುಂಬಿರ್ತಾರ. ಇದನ್ನ ನೋಡ್ರಿ, ಚುಕ್ಕಿ ಚುಕ್ಕಿ. ನಮ್ಮ ಪಾತ್ರಿ ಅಂಗಡ್ಯಾಗ ಮದುವಿ ಕೊಡದ ಮ್ಯಾಲ ಹೆಸರ ಹೊಡೀತಾರಲ್ಲ, ಹಂಗ. ಮುಂಬೈದಾಗ ಇಂಥಾವು ಸಾಲು ಹಚ್ಚಿ ಮಾರ್ತಾರ.”

ಬಸ್ಸಮ್ಮನಿಗೆ ಕಾಣದ್ದೇನಲ್ಲ. ಅವಳ ಅಡುಗೆಮನೆಯ ಪ್ರತಿ ತಂಬಿಗೆಯ ಮೇಲೂ ಕೊಟ್ಟವರ ಹೆಸರು ಅದೇ ಚುಕ್ಕಿಗಳಲ್ಲಿತ್ತು. ಹುಟ್ಟಿದಾಗಿನಿಂದ ನೋಡಿದ ಗಂಟೆಯಲ್ಲಿ ಅದನ್ನು ಗುರುತಿಸಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆದರೂ ಬಿಡಲಿಲ್ಲ.

“ಗಂಟಿ ಸುಳ್ಳಿರಬಹುದ್ರಿ. ಮನಶ್ಯಾ ಸುಳ್ಳಲ್ಲ. ಅಪ್ಪನ್ನ ಕರಕೊಂಡ ಬರ್ತೀನಿ, ನೀವ ಕೇಳ್ರಿ.”

“ಬರ್ರಿ,” ಅಂದರು ಭಾಗಣ್ಣ. “ಖರೇ ಇದ್ರ ಅವರ ಹೆಸರೂ ಪುಸ್ತಕದಾಗ ಹಾಕಸ್ತೀನಿ. ಈ ನಾಡಿನಾಗ ಡಾರ್ವೆಲಿಯಾ ಹಡಗಿನ ಮನಶ್ಯಾ ಒಬ್ಬಾಂವ ಸಿಕ್ರ ನನಗೂ ಸಣ್ಣ ಮಾತೇನಲ್ಲ.”

ಪುಸ್ತಕದಲ್ಲಿ ಹೆಸರು! ವಾಪಸು ಬರುವಾಗ ಬಸ್ಸಮ್ಮನಿಗೆ ಗಂಟೆಯ ಭಾರ ಗೊತ್ತೇ ಆಗಲಿಲ್ಲ. ಆ ಪುಸ್ತಕವನ್ನು ನಾಗಣ್ಣನ ಮುಖದ ಮುಂದೆ ಹಿಡಿಯುವ ದೃಶ್ಯವನ್ನು ಸುರಪುರ ಬರುವ ತನಕ ನಾಲ್ಕೈದು ರೀತಿಯಲ್ಲಿ ನೋಡಿಕೊಂಡಳು.

ಅಪ್ಪನನ್ನು ಹೊರಡಿಸಲು ಎಂಟು ದಿನ ಬೇಕಾಯಿತು. ಮೊದಲು ಕಾಲುನೋವು. ಆಮೇಲೆ ಅಮವಾಸ್ಯೆ. “ಹೋಗಲಿ ಬಿಡವಾ, ಊರ ಬಾಯಿಗೆ ಕದ ಹಚ್ಚಾಕ ಬರ್ತದೇನು” ಎಂಬ ಮಾತು ದಿನಕ್ಕೆರಡು ಸಲ. ಖರೇ ಮನುಷ್ಯ ಇಷ್ಟು ಹಿಂಜರಿಯುವುದು ಯಾಕೆ ಎಂದು ಬಸ್ಸಮ್ಮನ ಎದೆಯೊಳಗೆ ಒಂದು ಹುಳು ಕೊರೆಯಿತು. ಅದನ್ನು ಅಲ್ಲೇ ಅಮುಕಿ, ಅವನಿಗೆ ಬಿಳಿ ಧೋತರ ಉಡಿಸಿ, ಕೈಹಿಡಿದು ಬಸ್ಸು ಹತ್ತಿಸಿದಳು.

ಭಾಗಣ್ಣನವರ ಪಡಸಾಲೆಯಲ್ಲಿ ಮಲ್ಲಣ್ಣ ಕುರ್ಚಿಯ ತುದಿಗೆ ಕೂತ. ಸುತ್ತ ಹಡಗಿನ ದುಂಡು ಕಿಟಕಿ, ಕಟ್ಟಿಗೆಯ ಆರಾಮಕುರ್ಚಿ, ಖೋಲಿಗಳ ಕೀಲಿಗೊಂಚಲು. ಅವನು ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಭಾಗಣ್ಣ ನೋಟುಬುಕ್ಕು ತೆರೆದರು.

“ಮುತ್ಯಾ, ಗಂಟಿ ಬಾರಸೂ ಕೆಲಸ ಅಂದ್ರಿ. ದಿನಕ್ಕ ಎಷ್ಟ ಸಲ ಬಾರಸ್ತಿದ್ರಿ?”

ಮಲ್ಲಣ್ಣ ಗಂಟಲು ಸರಿಮಾಡಿಕೊಂಡ. “ತಾಸಿಗೊಮ್ಮಿ ರೀ.”

“ಮಧ್ಯಾಹ್ನ ಹನ್ನೆರಡಕ್ಕ?”

“ಹನ್ನೆರಡು ಹೊಡೀತಿದ್ದೆ.”

ಭಾಗಣ್ಣ ಪೆನ್ನು ಕೆಳಗಿಟ್ಟರು. “ಅದು ತಹಸೀಲ ಕಚೇರಿ ಗಂಟಿ, ಮುತ್ಯಾ. ಹಡಗಿನಾಗ ಅರ್ಧ ತಾಸಿಗೊಮ್ಮಿ ಬಾರಸ್ತಾರ. ಎಷ್ಟೇ ಆದ್ರೂ ಎಂಟಕ್ಕಿಂತ ಹೆಚ್ಚು ಹೊಡ್ಯಾಂಗಿಲ್ಲ. ಎಂಟಾದ್ರ ಮತ್ತ ಒಂದರಿಂದ ಸುರು. ಇದು ಗಂಟಿ ಬಾರಸಿದಾಂವಗ ನಿದ್ದಿಗಣ್ಣಾಗ ಕೇಳಿದ್ರೂ ಗೊತ್ತಿರ್ತದ.”

ಭಾಗಣ್ಣ ಮತ್ತೆ ಕೇಳಿದರು. ಗಂಟೆ ಹಡಗಿನ ಯಾವ ಕಡೆಗಿತ್ತು? “ಮ್ಯಾಲಿತ್ತು.” ಮೇಲೆ ಅಂದರೆ ಎಲ್ಲಿ? “ಮ್ಯಾಲ ರೀ.” ಹಡಗಿಗೆ ಚಿಮಣಿ ಎಷ್ಟು? ಎರಡೋ ಮೂರೋ. ಒಂದೊಂದು ಉತ್ತರಕ್ಕೂ ಅವನ ದನಿ ಇಳಿಯುತ್ತಾ ಹೋಯಿತು. ತಪ್ಪು, ತಪ್ಪು, ತಪ್ಪು. ತರಗತಿಯ ದಡ್ಡ ಹುಡುಗಿಯ ಪಾಟಿ ನೋಡಿದಂತಾಯಿತು ಬಸ್ಸಮ್ಮನಿಗೆ. ಇಂಜಿನಿಯರರ ಮೇಲೆ ಸಿಟ್ಟಾಗಬೇಕೋ ಅಪ್ಪನ ಮೇಲೋ ತಿಳಿಯದೆ, ಸಿಟ್ಟು ಒಳಗೇ ಸುತ್ತಿ ಸುತ್ತಿ ಕಣ್ಣಿಗೆ ಬಂತು. ಊರು ಹೇಳಿದ್ದೇ ಖರೇ ಆಯಿತಲ್ಲ. ಸೇಂಗಾ ಮಾರಿದವನ ಮಗಳು ನಾನು.

“ಇರಲಿ ಬಿಡ್ರಿ ಅಕ್ಕೋರ,” ಎಂದು ಭಾಗಣ್ಣ ಕನಿಕರದಿಂದ ಎದ್ದರು. ಆ ಕನಿಕರವಂತೂ ಹೊಡೆತಕ್ಕಿಂತ ಹೆಚ್ಚು ನೋವು ಮಾಡಿತು. “ಅಷ್ಟ ದೂರ ಬಂದೀರಿ. ಅದೇ ಹಡಗಿನ ಖರೇ ವಸ್ತು ಹೆಂಗಿರ್ತದ, ಅದನರ ನೋಡ್ಕೊಂಡ ಹೋಗ್ರಿ. ಸಂಘದವರು ಬರೋದು ಮುಖ್ಯ ಇದಕ್ಕ.”

ಗಾಜಿನ ಕಪಾಟಿನ ಕೀಲಿ ತೆಗೆದು ಎರಡೂ ಕೈಯಲ್ಲಿ ಒಂದು ಬಿಳಿ ಪಿಂಗಾಣಿ ತಾಟು ತಂದರು. ಅಂಚಿಗೆ ಬಂಗಾರದ ಗೆರೆ. ನಡುವೆ ಬಂಗಾರದ ಅಕ್ಷರಗಳಲ್ಲಿ ಡಾರ್ವೆಲಿಯಾ. ಹಡಗಿನ ಮೊದಲ ದರ್ಜೆಯ ಊಟದ ತಾಟು, ಇಡೀ ದೇಶದಲ್ಲಿ ಇಂಥವು ಮೂರೋ ನಾಲ್ಕೋ ಉಳಿದಿವೆ ಎಂದರು. ದೇವರ ಪ್ರಸಾದ ಕೊಡುವವರಂತೆ ಮಲ್ಲಣ್ಣನ ಮುಂದೆ ಹಿಡಿದರು.

ಮಲ್ಲಣ್ಣ ತಾಟು ಕೈಗೆ ತೆಗೆದುಕೊಂಡ. ತೆಗೆದುಕೊಂಡ ರೀತಿಗೇ ಬಸ್ಸಮ್ಮ ತಲೆ ಎತ್ತಿದಳು. ನೀರಿನ ತಂಬಿಗೆ ಹಿಡಿದರೆ ನಡುಗುವ ಕೈ ಅದು. ಈಗ ನಡುಗಲಿಲ್ಲ. ತಾಟನ್ನು ಒಂದು ಅಂಗೈ ಮೇಲೆ ಗಿರಕ್ಕನೆ ತಿರುಗಿಸಿ ಬೋರಲು ಮಾಡಿದ. ತಾಟು ನಿಲ್ಲುವ ಕೆಳಗಿನ ಉಬ್ಬು ಬಳೆಯ ಸುತ್ತ ಹೆಬ್ಬೆರಳು ಓಡಿಸಿದ. ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಒಮ್ಮೆ ತಟ್ಟಿದ. ಆಮೇಲೆ, ಯಾರೂ ಕೇಳದೆ, ಬಹಳ ಸಹಜವಾಗಿ ಹೇಳಿದ.

“ಇದು ಹಡಗಿಂದಲ್ರಿ ಸಾಹೇಬ್ರ.”

ಭಾಗಣ್ಣ ನಕ್ಕರು. “ಹೆಸರ ಬರದದಲ್ಲ ಮುತ್ಯಾ.”

“ಅದಕ್ಕ ರೀ ಹೇಳಿದ್ದು. ತಾಟಿನ ಮ್ಯಾಲ ಹಡಗಿನ ಹೆಸರ ಯಾಕಿರ್ತದ? ಅದೇನ ನಮ್ಮ ಬೀಗರು ಕೊಟ್ಟ ಕೊಡ ಏನು? ತಾಟು ಕಂಪನಿವು. ಮುಂಬೈ ಮುಟ್ಟಿದ ಕೂಡಲೆ ಪೆಟ್ಟಿಗಿಗಟ್ಟಲೆ ಕೆಳಗ ಇಳಸಿ ಗೋದಾಮಿಗೆ ಒಯ್ಯೋರು, ಬ್ಯಾರೆ ಹಡಗಿನವು ನಮಗ ಬರೋವು. ಇವತ್ತ ಇಲ್ಲಿ, ನಾಳೆ ಇನ್ನೊಂದು ಹಡಗಿನಾಗ. ನಡುವ ಕಂಪನಿ ನಿಶಾನಿ ಒಂದ ಇರ್ತಿತ್ತು, ಸಣ್ಣದು. ಹೆಸರ ಗಿಸರ ಏನಿಲ್ಲ. ಮತ್ತ ತಳದ ಬಳಿ ನೋಡ್ರಿ, ಎಷ್ಟ ನುಣ್ಣಗದ. ಅವು ಹಿಂಗ ಇರಲಿಲ್ಲ. ತಳ ಗರಗಸ ಗರಗಸ. ತೊಳಿಯೂ ಸೋಡಾ ನೀರಾಗ ಬೆರಳ ಮೆತ್ತಗಾದ ಮ್ಯಾಲ ಕೊಯ್ಯೋವು.”

ಬಲಗೈ ಹೆಬ್ಬೆರಳನ್ನು ಚಾಚಿ ತೋರಿಸಿದ. ಬೆರಳಿನ ಒಳಬದಿಗೆ, ಒಂದರ ಮೇಲೊಂದು, ಸಣ್ಣ ಬಿಳಿ ಗೆರೆಗಳಿದ್ದವು. ಬಸ್ಸಮ್ಮ ಅದನ್ನು ಸಾವಿರ ಸಲ ನೋಡಿದ್ದಳು. ಕುಡುಗೋಲಿನ ಗಾಯ ಅಂದುಕೊಂಡಿದ್ದಳು.

“ನಿಮಗ ಹೆಂಗ ಗೊತ್ತು ಇದೆಲ್ಲಾ?” ಭಾಗಣ್ಣನವರ ದನಿಯಲ್ಲಿ ಈಗ ನಗು ಇರಲಿಲ್ಲ.

ಮಲ್ಲಣ್ಣ ಮಗಳ ಕಡೆ ನೋಡಲಿಲ್ಲ. ತಾಟಿನ ಕಡೆ ನೋಡುತ್ತಲೇ ಹೇಳಿದ.

“ತೊಳೀತಿದ್ದೆ ರೀ. ಗಂಟಿ ಗಿಂಟಿ ಎಲ್ಲಾ ಸುಳ್ಳ. ಗಂಟಿ ಚೋರ ಬಾಜಾರದಾಗ ತಗೊಂಡೆ, ಹೆಸರ ಅಲ್ಲೇ ಹೊಡಸಿದೆ. ಹಡಗಿನ ಗಂಟಿ ಸಪ್ಪಳ ನಮ್ಮ ತನಕ ಮುಟ್ಟತಿರಲಿಲ್ಲ. ನಾವು ಕೆಳಗ. ಬರೇ ತಾಟು. ಮುಂಜಾನಿ ಆರ ನೂರು, ಮಧ್ಯಾಹ್ನ ಸಾವಿರ, ಸಂಜಿಗೆ ಮತ್ತ ಸಾವಿರ. ಹಡಗ ಹೊಳ್ಯಾಡಿದ್ರ ಮೊಣಕೈಲೆ ಒತ್ತಿ ಹಿಡೀಬೇಕು. ಒಂದ ಒಡದ್ರ ಪಗಾರದಾಗ ಮುರೀತಿದ್ರು. ದೊರಿಗಳು ತಿಂದದ್ದು ಕುರಿ ಇರಲಿ, ದನ ಇರಲಿ, ಹಂದಿ ಇರಲಿ, ಎಲ್ಲಾ ಈ ಕೈಲೇ ಬಳದು ಸಮುದ್ರಕ್ಕ ಚೆಲ್ಲೀನಿ. ಹದಿಮೂರ ವರ್ಷ.”

ಲಿಂಗ ಕಟ್ಟಿದ ಮನೆತನ ಅವರದು. ಮೊಟ್ಟೆಯ ಸಿಪ್ಪೆ ಬಿದ್ದ ಹಾದಿಯನ್ನು ಸುತ್ತಿ ಹೋಗುವ ಮನೆತನ. ಬಸ್ಸಮ್ಮನಿಗೆ ಒಂದು ಗಳಿಗೆ, ಒಂದೇ ಗಳಿಗೆ, ಅಪ್ಪ ದಿನವೂ ಕೈಯಿಕ್ಕುವ ರೊಟ್ಟಿಯ ಬುಟ್ಟಿ ನೆನಪಾಗಿ ಹೇಸಿಗೆಯಾಯಿತು. ಹಾಗೆ ಆದದ್ದಕ್ಕೆ ಮರುಗಳಿಗೆಯಲ್ಲೇ ನಾಚಿಕೆಯಾಯಿತು.

“ನಮಗ ಯಾಕ ಹೇಳಲಿಲ್ಲಪ್ಪಾ?”

“ಹೇಳಿದ್ರ ನಿಮ್ಮವ್ವನ್ನ ಯಾರ ಕೊಡ್ತಿದ್ರು? ಎಂಜಲ ತಾಟ ತೊಳದಾಂವಗ?” ಅಂದ ಮಲ್ಲಣ್ಣ. “ಗಂಟಿ ಬಾರಸ್ತಿದ್ದೆ ಅಂದೆ. ಗುಡ್ಯಾಗಿನ ಕೆಲಸದಂಗ ಕೇಳಸ್ತದ ಅಂತ.”

ಬಸ್ಸಮ್ಮನಿಗೆ ಅಳಬೇಕೆನಿಸಿತು, ನಗಬೇಕೆನಿಸಿತು. ಎರಡಕ್ಕೂ ಮೊದಲು ದೊಡ್ಡ ನಿರಾಳ ಬಂತು. ಹೋಗಿದ್ದ! ಅಪ್ಪ ಹೋಗಿದ್ದ! ಇಂಜಿನಿಯರರ ಕಡೆ ತಿರುಗಿದಳು. “ಕೇಳಿದ್ರಲ್ಲ ಸಾಹೇಬ್ರ. ಇನ್ನೇನ ಬೇಕ್ರಿ? ಬರೀರಿ ಪುಸ್ತಕಕ್ಕ.”

ಭಾಗಣ್ಣ ಬರೆಯಲಿಲ್ಲ. ತಾಟನ್ನು ಮುದುಕನ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ತಳದ ಬಳೆಯ ಮೇಲೆ ತಾವೂ ಹೆಬ್ಬೆರಳು ಓಡಿಸಿದರು. ಬಂಗಾರದ ಹೆಸರು ಕಂಡು ಅವರು ಮೋಸಹೋಗಿದ್ದರು. ಆಶ್ಚರ್ಯವೇನು? ಅವರೂ ಇಲ್ಲಿಯವರೇ. ಪಾತ್ರೆ ಅಂದ ಮೇಲೆ ಹೆಸರಿರಬೇಕು, ಹೆಸರಿದ್ದರೆ ಅದು ಹೆಸರಿದ್ದವರದೇ ಎಂದು ನಂಬಿ ಬೆಳೆದವರು. ಗಂಟೆಯ ಚುಕ್ಕಿಯನ್ನು ನಿಮಿಷದಲ್ಲಿ ಹಿಡಿದ ಕಣ್ಣು ತನ್ನ ತಾಟಿನ ಮುಂದೆ ಕುರುಡಾಗಿತ್ತು.

ತಿರುಗಿದಾಗ ಮುಖದಲ್ಲಿ ಬೇರೆಯೇ ಕಳೆ ಇತ್ತು. “ಅಕ್ಕೋರ, ಒಂದ ಕೆಲಸ ಮಾಡೋಣು,” ಅಂದರು. “ಮುತ್ಯಾನ ಹೆಸರ ಪುಸ್ತಕದಾಗ ಬರಬೇಕು, ಹೌದಲ್ಲೊ? ಬರಸ್ತೀನಿ. ಗಂಟಿ ಫೋಟೋನೂ ಹಾಕಸ್ತೀನಿ. ಕೆಳಗ ನನ್ನ ಸಹಿ, ಮುತ್ಯಾಂದೂ ಒಂದು.”

ಮೇಜಿಗೆ ಕೂತು ಒಂದು ಹಾಳೆಯಲ್ಲಿ ಸರಸರನೆ ಇಂಗ್ಲಿಷಿನಲ್ಲಿ ಬರೆದು ಅವಳ ಕೈಗೆ ಕೊಟ್ಟರು. ಬಸ್ಸಮ್ಮ ಅಪ್ಪನಿಗಾಗಿ ಕನ್ನಡದಲ್ಲಿ ಹೇಳುತ್ತಾ ಓದಿದಳು. ಸುರಪುರದ ಮಲ್ಲಣ್ಣನವರು ಡಾರ್ವೆಲಿಯಾ ಹಡಗಿನಲ್ಲಿ ಹದಿಮೂರು ವರ್ಷ ಗಂಟೆ ಬಾರಿಸುವ ಕೆಲಸದಲ್ಲಿದ್ದರು. ಅವರಲ್ಲಿರುವ ಗಂಟೆ ಅದೇ ಹಡಗಿನದು. ಶಹಾಪುರದ ಸಂಗ್ರಹದಲ್ಲಿರುವ ಹೆಸರುಳ್ಳ ತಾಟು ಅದೇ ಹಡಗಿನದೆಂದು ಅವರು ಕಣ್ಣಾರೆ ನೋಡಿ ಗುರುತಿಸಿದ್ದಾರೆ.

ಓದಿ ಮುಗಿಸುವಷ್ಟರಲ್ಲಿ ಅವಳಿಗೆ ಆಟ ತಿಳಿದಿತ್ತು, ಗಂಟೆಗೆ ಬದಲು ತಾಟು. ತಿಳಿದರೂ ಹಾಳೆ ಕೆಳಗಿಡಲು ಮನಸ್ಸು ಬರಲಿಲ್ಲ. ಅಪ್ಪನ ಹೆಸರು, ಹಡಗಿನ ಹೆಸರು, ಹದಿಮೂರು ವರ್ಷ, ಕೆಳಗೆ ದೊಡ್ಡ ಮನುಷ್ಯನ ಸಹಿ. ಹುಟ್ಟಿದಾಗಿನಿಂದ ಬೇಡಿದ್ದು ಕೈಯಲ್ಲಿದೆ. ನಡುವಿನ ಮೂರು ಸುಳ್ಳು ಯಾರಿಗೆ ಏನು ಮಾಡುತ್ತವೆ? ನಾಗಣ್ಣನ ಬಾಯಿ ಮುಚ್ಚುತ್ತದೆ, ಅಷ್ಟೇ.

“ಸಹಿ ಮಾಡಪ್ಪಾ,” ಅಂದಳು.

ಮಲ್ಲಣ್ಣ ಪೆನ್ನು ಹಿಡಿದ. ಹಿಡಿದು ಹಾಗೇ ಕೂತ. “ಈ ಕಾಗದದಾಗ ನಾ ಎಲ್ಲಿದೀನವಾ?” ಎಂದು ಕೇಳಿದ. “ಗಂಟಿ ಬಾರಸಿದಾಂವ ನಾ ಅಲ್ಲ. ಈ ತಾಟ ಗುರುತ ಹಿಡದಾಂವ ನಾ ಅಲ್ಲ. ಯಾರಿಂವ?”

“ಹೆಸರ ನಿಂದೇ ಅದಲ್ಲಪ್ಪಾ!”

“ಹೆಸರ ತಾಟಿನ ಮ್ಯಾಲೂ ಅದ.” ಮುದುಕ ಭಾಗಣ್ಣನವರ ಕಡೆ ತಿರುಗಿದ. “ಸಾಹೇಬ್ರ, ಗಂಟಿ ಅನ್ನೂದ ಹೊಡದ ಹಾಕ್ರಿ. ತಾಟ ತೊಳೀತಿದ್ದ ಅಂತ ಬರೀರಿ. ಈಗ ಕೊಡ್ತೀನಿ ಸಹಿ.”

“ಅದು ಹೆಂಗ ಆಗ್ತದ ಮುತ್ಯಾ?” ಭಾಗಣ್ಣನವರ ದನಿ ಏರಿತು. “ತಾಟ ತೊಳದಾಂವ ಅಂತ ಬರದ್ರ ಸಂಘದವರು ಮೊದಲ ನಿಮ್ಮನ್ನ ಕರದು ಈ ತಾಟಿನ ಬಗ್ಗೇನ ಕೇಳ್ತಾರ. ಆಗ ನೀವೇನ ಹೇಳಾವ್ರು?”

“ಇದ್ದದ್ದು.”

“ಅದಕ್ಕ ಆಗಾಂಗಿಲ್ಲ.”

ಬಸ್ಸಮ್ಮನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. “ಕಾಗದ ಬ್ಯಾಡ್ರಿ, ಪುಸ್ತಕ ಬ್ಯಾಡ. ಇಲ್ಲಿ ಮೂರ ಮಂದಿ ಇದ್ದೀವಿ, ಮತ್ಯಾರಿಲ್ಲ. ಬಾಯಿಲೆ ಹೇಳ್ರಿ. ನಮ್ಮಪ್ಪ ಆ ಹಡಗಿನಾಗಿದ್ದ. ಹೌದೋ ಅಲ್ಲೋ?”

ಭಾಗಣ್ಣ ಮುದುಕನ ಮುಖ ನೋಡಿದರು. ಅವರಿಗೆ ಗೊತ್ತಿತ್ತು. ಈ ಜಗತ್ತಿನಲ್ಲಿ ಆ ಮಾತು ಹೇಳಬಲ್ಲ ಮನುಷ್ಯ ಅವರೊಬ್ಬರೇ ಎಂಬುದೂ ಗೊತ್ತಿತ್ತು. ತಾಟನ್ನು ಕಪಾಟಿನೊಳಗಿಟ್ಟರು, ಹೆಸರು ಮುಂದೆ ಕಾಣುವಂತೆ ಸರಿಪಡಿಸಿದರು, ಕೀಲಿ ತಿರುವಿದರು.

“ಸುರಪುರ ಬಸ್ಸು ಮೂರೂವರಿಗದ,” ಅಂದರು.

ಬಸ್‌ಸ್ಟ್ಯಾಂಡಿನ ತನಕ ಬಸ್ಸಮ್ಮ ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ ಅಪ್ಪನ ಮೇಲೆ ಹರಿಹಾಯ್ದಳು. “ನಲವತ್ತೈದ ವರ್ಷ ಸುಳ್ಳ ಹೇಳಿದಿ. ಇನ್ನೊಂದ ದಿನ ಹೇಳಾಕ ನಿನಗೇನ ಧಾಡಿಯಾಗಿತ್ತು? ಕೈಗೆ ಬಂದ ತುತ್ತ ಬಾಯಿಗೆ ಬರಲಿಲ್ಲ!”

“ಹೌದವಾ,” ಅಂದ ಮಲ್ಲಣ್ಣ ತಪ್ಪಿತಸ್ಥನಂತೆ. “ಆ ತಾಟ ಕೈಗೆ ಬರೂ ತನಕ ನನಗೂ ಹಡಗ ಮಸಕಾಗಿಬಿಟ್ಟಿತ್ತು. ಈಗ ಎಲ್ಲಾ ಹೊಳ್ಳಿ ಬಂತು. ಮತ್ತ ಸುಳ್ಳ ಬರಸಿದ್ರ ಮತ್ತ ಹೋದೀತು ಅಂತ ಅಂಜಿದೆ.”

ಅವನ ಮಾತು ಸರಿ ಅನಿಸಿತು. ಅದು ಇನ್ನಷ್ಟು ಸಿಟ್ಟು ತರಿಸಿತು.

ಬಸ್ಸು ಬಿಡುವ ಹೊತ್ತಿಗೆ ಓಡಿಬಂದು ಹತ್ತಿದವನು ನಾಗಣ್ಣ. ಬೇಡ ಅಂದದ್ದೇ ಎದುರಿಗೆ ಬರುವುದು ದೇವರ ಹಳೆಯ ಚಾಳಿ. ಮೂವರು ಕೂರುವ ಸೀಟಿನಲ್ಲಿ ಬಸ್ಸಮ್ಮ ಕಿಟಕಿಗೆ, ಮಲ್ಲಣ್ಣ ನಡುವೆ. ನಾಗಣ್ಣ ಧೊಪ್ಪನೆ ಮೂರನೆಯ ಜಾಗದಲ್ಲಿ ಕೂತು ದೊಡ್ಡಪ್ಪನ ಹೆಗಲ ಮೇಲೆ ಕೈ ಹಾಕಿದ.

“ಇಂಜಿನಿಯರ ಸಾಹೇಬ್ರ ಕಡೆ ಹೋಗಿದ್ರಂತಲ್ಲ! ಏನಂದ್ರು? ಗಂಟಿ ಖರೇನೋ ಸುಳ್ಳೋ?”

ಹಿಂದಿನ ಸೀಟಿನವರು ಆಗಲೇ ನಗಲು ತಯಾರಾಗಿ ಮುಂದೆ ಬಾಗಿದ್ದರು. ಎಲ್ಲ ಸುರಪುರದ ಮುಖಗಳೇ. ಬಸ್ಸಮ್ಮ ಅಪ್ಪನ ಕಡೆ ನೋಡಿದಳು. ಮಲ್ಲಣ್ಣ ಹೂಂ ಎಂದು ಸಣ್ಣಗೆ ತಲೆಯಾಡಿಸಿದ.

“ಗಂಟಿ ಸುಳ್ಳ,” ಅಂದಳು ಬಸ್ಸಮ್ಮ, ತರಗತಿಯ ಕೊನೆಯ ಸಾಲಿಗೂ ಮುಟ್ಟುವ ದನಿಯಲ್ಲಿ. “ಅಪ್ಪ ಖರೇ. ಹದಿಮೂರ ವರ್ಷ ದೊರಿಗಳ ಎಂಜಲ ತಾಟ ತೊಳದಾನ. ಕುರಿದು, ದನದ್ದು, ಹಂದಿದು. ಈ ಕೈಲೇ. ನೋಡು, ತಾಟು ಕೊಯ್ದದ್ದು.”

ಮಲ್ಲಣ್ಣ ಹೆಬ್ಬೆರಳು ಚಾಚಿದ.

ಬಸ್ಸಮ್ಮ ನಗುವಿಗಾಗಿ ಕಾದಳು. ಬರಲಿ, ಇವತ್ತು ಒಂದು ಕೈ ನೋಡಿಯೇ ಬಿಡುತ್ತೇನೆ ಎಂದು ಸೆರಗು ಬಿಗಿದುಕೊಂಡಳು. ಆದರೆ ಯಾರೂ ನಗಲಿಲ್ಲ. ಹಡಗು ಹತ್ತಿದೆ ಎಂದು ಜಂಬಕ್ಕೆ ಯಾರೂ ಸುಳ್ಳು ಹೇಳಬಹುದು. ಇಂಥದ್ದನ್ನು ಸುಳ್ಳು ಹೇಳುವವರು ಸುರಪುರದಲ್ಲಿ ಇನ್ನೂ ಹುಟ್ಟಿರಲಿಲ್ಲ.

ನಾಗಣ್ಣನ ಕೈ ಮೊದಲು ದೊಡ್ಡಪ್ಪನ ಹೆಗಲಿನಿಂದ ಇಳಿಯಿತು. ಆ ಕೈಯನ್ನು ಅವನು ಧೋತರಕ್ಕೆ ಒರೆಸಿಕೊಂಡ. ಒರೆಸಿಕೊಂಡದ್ದು ಅವನಿಗೇ ಗೊತ್ತಾಗಲಿಲ್ಲವೇನೋ. ಆಮೇಲೆ ಚೀಲ ಎತ್ತಿಕೊಂಡು, ಇಳಿಯುವ ಊರು ಬಂದವನಂತೆ ಎದ್ದು ನಿಂತ. ಬಸ್ಸು ಶಹಾಪುರದ ಕೊನೆಯ ಮನೆಗಳನ್ನೂ ಇನ್ನೂ ದಾಟಿರಲಿಲ್ಲ.

ಕಂಡಕ್ಟರ್ ಬಂದು, “ಸೀಟ ಖಾಲಿ ಅದಲ್ಲ, ಕೂಡ್ರಿ” ಅಂದ.

“ಇರಲಿ ಬಿಡೋ,” ಅಂದ ನಾಗಣ್ಣ. ಮೇಲಿನ ಸರಳು ಹಿಡಿದುಕೊಂಡು ಸುರಪುರದ ತನಕ ನಿಂತೇ ಬಂದ. ನಡುದಾರಿಯಲ್ಲಿ ಹತ್ತಿದವರಲ್ಲೂ ಇಬ್ಬರು ಆ ಸೀಟಿನ ಹತ್ತಿರ ಬಂದು, ಯಾರೋ ಕಿವಿಯಲ್ಲಿ ಏನೋ ಹೇಳಿದ ಮೇಲೆ ಹಿಂದೆ ಸ‍ರಿದರು.

ಬಸ್ಸು ಕಾಲುವೆಯ ಸೇತುವೆ ದಾಟಿತು. ಮಲ್ಲಣ್ಣ ಖಾಲಿ ಜಾಗದ ಕಡೆಗೆ ಸರಿದು ಕಾಲು ಚಾಚಿಕೊಂಡ. ಬಹಳ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು.

“ಈಗ ನಂಬಿದ ನೋಡವಾ,” ಅಂದ.

ಬಸ್ಸಮ್ಮ ನಾಗಣ್ಣನ ಬೆನ್ನು ನೋಡುತ್ತಿದ್ದಳು.

“ಹೌದಪ್ಪಾ,” ಅಂದಳು. “ಪೂರಾ ನಂಬ್ಯಾನ.”